ತೋಟದ ಕೆರೆಯ ಏರಿಯನ್ನು ಹತ್ತಡಿ ಎತ್ತರಿಸಿದರೆ ನೆರೆ ನಿಲ್ಲುತ್ತಾ?

ಪ್ರಶ್ನೆ: ನಮ್ಮದು ಕೊಡಗಿನ ಮಾದಾಪುರ ಕಡೆ ಕಾಫಿ ತೋಟ. ತೋಡಿಗೆ ಅಡ್ಡವಾಗಿ ಅಜ್ಜನ ಕಾಲದಲ್ಲಿ ಕಟ್ಟಿದ ಮಣ್ಣಿನ ಏರಿ ಇದೆ. ಏರಿ 15 ಅಡಿ ಎತ್ತರ, ಕೆರೆ ಒಂದು ಎಕರೆ. ಸುತ್ತಲಿನ ಸುಮಾರು 120 ಎಕರೆಯ ಮಳೆನೀರು ಇದಕ್ಕೇ ಇಳಿಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಲು ಈ ನೀರೇ ಆಧಾರ. 2018 ಮತ್ತು 2019ರಲ್ಲಿ ಕೆಳಗಿನ ಗದ್ದೆಗಳು ಮುಳುಗಿ, ತೋಡಿನ ಪಕ್ಕದ ಕಾರ್ಮಿಕರ ಲೈನ್‌ಮನೆಗಳಿಗೆ ಮೊಣಕಾಲುದ್ದ ನೀರು ನುಗ್ಗಿತ್ತು. ಈಗ ಮೂರು ಮನೆಯವರು ಸೇರಿ ಏರಿಯನ್ನು ಇನ್ನೂ ಹತ್ತಡಿ ಎತ್ತರಿಸುವ ಯೋಚನೆಯಲ್ಲಿದ್ದೇವೆ. ನೆರೆ ನೀರೂ ಅಲ್ಲೇ ನಿಲ್ಲುತ್ತೆ, ಬೇಸಿಗೆಗೂ ಆಗುತ್ತೆ ಅಂತ. ಜೆಸಿಬಿಯವರು ಹದಿನೈದು ದಿನದ ಕೆಲಸ ಎಂದಿದ್ದಾರೆ. ದೊಡ್ಡಪ್ಪ ಮಾತ್ರ "ಮಣ್ಣು ನಂಬಬೇಡ, ಕಾಂಕ್ರೀಟ್ ಗೋಡೆ ಕಟ್ಟು" ಅನ್ನುತ್ತಾರೆ. ಇನ್ನೊಂದು ಭಯ ಇದೆ. ಪ್ರತಿ ವರ್ಷ ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಏರಿಯ ಹೊರಬುಡದಲ್ಲಿ ಒಂದು ಕಡೆ ನೀರು ಒಸರುತ್ತದೆ. ಏರಿಯ ಮೇಲೆ ಸಿಲ್ವರ್ ಓಕ್ ಮರಗಳಿವೆ, ಏಡಿ ತೂತುಗಳಿವೆ. ಹೆಚ್ಚಾದ ನೀರು ಹೊರಹೋಗುವ ಕೋಡಿ ಎಂದರೆ ಎರಡಡಿ ಅಗಲದ ಎರಡು ಹ್ಯೂಮ್ (ಕಾಂಕ್ರೀಟ್) ಪೈಪು. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕೆರೆ ನೆರೆಯನ್ನು ತಡೆಯುತ್ತಾ ಅನ್ನೋದು ಒಂದು. ನೆರೆ ಬಂದ ರಾತ್ರಿ ಕೆರೆಯೇ ಉಳಿಯುತ್ತಾ ಅನ್ನೋದು ಇನ್ನೊಂದು. ನಿಮ್ಮ ಮೂರು ಮನೆಯವರು ಮೊದಲನೆಯದನ್ನೇ ಮಾತಾಡಿಕೊಂಡಿದ್ದೀರಿ. ಮೂವತ್ತು ವರ್ಷ ಏರಿ, ಕೋಡಿ, ತೂಬುಗಳ ನಡುವೆ ಕೆಲಸ ಮಾಡಿದ ನನಗೆ ಎರಡನೆಯದೇ ಜಾಸ್ತಿ ಚಿಂತೆ. ಜೆಸಿಬಿಗೆ ಮುಂಗಡ ಕೊಟ್ಟಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ.

ಮೊದಲು ದೊಡ್ಡಪ್ಪನವರ ಮಾತು. ಮಣ್ಣು ದುರ್ಬಲ, ಕಾಂಕ್ರೀಟ್ ಗಟ್ಟಿ ಎಂಬ ನಂಬಿಕೆ ಎಲ್ಲ ಕಡೆ ಇದೆ. ಆದರೆ ಚನ್ನಗಿರಿಯ ಸೂಳೆಕೆರೆಯ ಏರಿ ನೂರಾರು ವರ್ಷಗಳಿಂದ ನಿಂತಿದೆ. ಕುಟ್ಟ ದಾಟಿ ವಯನಾಡಿಗೆ ಹೋದರೆ ಸಿಗುವ ಬಾಣಾಸುರ ಸಾಗರ ದೇಶದ ಅತಿ ದೊಡ್ಡ ಮಣ್ಣಿನ ಅಣೆಕಟ್ಟುಗಳಲ್ಲಿ ಒಂದು. ಕಾಂಕ್ರೀಟ್ ಗೋಡೆಗೆ ಕೆಳಗೆ ಬಂಡೆ ಬೇಕು. ನಮ್ಮ ಕೊಡಗಿನ ತೋಡುಗಳ ತಳದಲ್ಲಿ ಗಟ್ಟಿ ಬಂಡೆ ಎಷ್ಟೋ ಕಡೆ ತುಂಬಾ ಆಳದಲ್ಲಿರುತ್ತದೆ. ಮೆತ್ತನೆ ನೆಲದ ಮೇಲೆ ಗೋಡೆ ನಿಲ್ಲಿಸಿದರೆ ನೀರು ಅದರ ಅಡಿಯಿಂದ ದಾರಿ ಹುಡುಕಿಕೊಳ್ಳುತ್ತದೆ, ಗೋಡೆ ವಾಲುತ್ತದೆ, ಬಿರುಕು ಬಿಡುತ್ತದೆ. ಮಣ್ಣಿನ ಏರಿ ಹಾಗಲ್ಲ. ನೆಲ ಸ್ವಲ್ಪ ಕುಸಿದರೆ ಅದೂ ಜೊತೆಗೇ ಕೂತುಕೊಳ್ಳುತ್ತದೆ. ನಿಮ್ಮ ಜಾಗಕ್ಕೆ ಮಣ್ಣೇ ಸರಿ.

ಆದರೆ ಮಣ್ಣಿನ ಏರಿ ಒಂದನ್ನು ಮಾತ್ರ ತಡೆದುಕೊಳ್ಳುವುದಿಲ್ಲ. ತಲೆಯ ಮೇಲಿಂದ ನೀರು ಹರಿಯಬಾರದು. ಕಾಂಕ್ರೀಟ್ ಕಟ್ಟೆಯ ಮೇಲೆ ನೀರು ಹರಿದರೆ ಬಹಳ ಸಲ ಕಟ್ಟೆ ಉಳಿಯುತ್ತದೆ. ಮಣ್ಣಿನದರಲ್ಲಿ ಹೊರಮೈಯ ಹುಲ್ಲು ಮೊದಲು ಕಿತ್ತು ಬರುತ್ತದೆ, ಆಮೇಲೆ ಒಂದು ಕೊರಕಲು, ಆ ಕೊರಕಲು ಹಿಂದಕ್ಕೆ ತಿನ್ನುತ್ತಾ ಬಂದು ನೀರನ್ನು ಮುಟ್ಟಿತು ಅಂದರೆ ಮುಗಿಯಿತು. ಗುಜರಾತಿನ ಮಚ್ಛು-2 ಅಣೆಕಟ್ಟಿನಲ್ಲಿ 1979ರ ಆಗಸ್ಟ್ 11ರಂದು ಆದದ್ದು ಇದೇ. ನಡುವಿನ ಕಲ್ಲಿನ ಕೋಡಿ ನಿಂತೇ ಇತ್ತು. ಅದು ಬಿಟ್ಟಷ್ಟು ನೀರು ಸಾಲಲಿಲ್ಲ. ಎರಡೂ ಪಕ್ಕದ ಮಣ್ಣಿನ ಏರಿಗಳ ಮೇಲಿಂದ ನೀರು ಹರಿದು ಅವು ಕೊಚ್ಚಿಹೋದವು, ಕೆಳಗಿನ ಮೋರ್ಬಿ ಪಟ್ಟಣ ಮುಳುಗಿತು. ಹಾಗಾಗಿ ಏರಿಯ ಜೀವ ಇರೋದು ಏರಿಯಲ್ಲಿ ಅಲ್ಲ, ಕೋಡಿಯಲ್ಲಿ.

ಈಗ ನಿಮ್ಮ ಕೋಡಿ ನೋಡೋಣ. ನಮ್ಮ ಬೆಳೆಗಾರರು ಮಳೆಯನ್ನು ಇಂಚು, ಇಂಚಿನ ನೂರನೇ ಒಂದು ಭಾಗವಾದ ಸೆಂಟ್‌ನಲ್ಲೇ ಬರೆದಿಡೋದು, ಹಾಗಾಗಿ ಲೆಕ್ಕ ಸುಲಭ. ಒಂದು ಎಕರೆಯ ಮೇಲೆ ಗಂಟೆಗೆ ಒಂದು ಇಂಚು ಮಳೆ ಬಿದ್ದು ಅಷ್ಟೂ ಹರಿದರೆ ಅದು ಹೆಚ್ಚುಕಡಿಮೆ ಒಂದು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ನಿಮ್ಮದು 120 ಎಕರೆ. ನೆಲ ನೆನೆದು ತೊಪ್ಪೆಯಾಗಿರುವಾಗ ಗಂಟೆಗೆ ಎರಡು ಇಂಚಿನ ಒಂದು ಹೊಡೆತ ಬಂತು ಅಂದುಕೊಳ್ಳಿ. ಐದರಲ್ಲಿ ನಾಲ್ಕು ಭಾಗ ಹರಿದರೂ ಸುಮಾರು 190 ಕ್ಯೂಸೆಕ್. ಎರಡಡಿಯ ಒಂದು ಪೈಪು, ಬಾಯಿ ಮುಳುಗಿ ಮೇಲೆ ಇನ್ನೊಂದು ಅಡಿ ನೀರು ನಿಂತಾಗ, ಬಿಡೋದು 20 ಕ್ಯೂಸೆಕ್ ಆಸುಪಾಸು. ಎರಡೂ ಸೇರಿ 40. ಅದೂ ಬಾಯಿಗೆ ಒಂದು ಕೊಂಬೆ ಅಡ್ಡ ಸಿಕ್ಕದಿದ್ದರೆ.

ಹಾಗಾದ್ರೆ 2018ರಲ್ಲಿ ಏರಿ ಉಳಿದದ್ದು ಹೇಗೆ ಅಂತ ಕೇಳ್ತೀರಿ, ಅಲ್ವಾ? ನನ್ನ ಊಹೆ ಇಷ್ಟು. ದಿನಕ್ಕೆ ಹತ್ತು ಇಂಚು ಮಳೆ ಒಂದೇ ಸಮ ಸುರಿದು, ಅದರಲ್ಲಿ ಮುಕ್ಕಾಲು ಭಾಗ ಹರಿದರೆ, ಸರಾಸರಿ 38 ಕ್ಯೂಸೆಕ್ ಆಗುತ್ತದೆ. ಅಂದರೆ ನಿಮ್ಮ ಪೈಪುಗಳು ತಮ್ಮ ಮಿತಿಯಲ್ಲೇ ಓಡುತ್ತಿದ್ದವು. ಆ ದಿನಗಳಲ್ಲಿ ಒಂದು ಗಂಟೆಯ ಜಡಿಮಳೆ ಬರಲಿಲ್ಲ, ಅಥವಾ ಬಂದಾಗ ಕೆರೆಯಲ್ಲಿ ಸ್ವಲ್ಪ ಜಾಗ ಇತ್ತು. ಆ ರಾತ್ರಿ ಏರಿಯ ತಲೆಗೂ ನೀರಿಗೂ ಎಷ್ಟು ಅಂತರ ಇತ್ತು ಅಂತ ತೋಟದ ಹಳಬರನ್ನು ಕೇಳಿ. ಒಂದು ಗೇಣು ಅಂದರೆ ನಾನು ಆಶ್ಚರ್ಯಪಡುವುದಿಲ್ಲ.

ಇನ್ನು ಹತ್ತಡಿ ಎತ್ತರಿಸುವ ವಿಷಯ. ಕೆರೆ ಈಗ ಒಂದು ಎಕರೆ, ಮೇಲಕ್ಕೆ ಹೋದಂತೆ ಹರಡಿ ಎರಡು ಎಕರೆ ಆಗಬಹುದು. ನಡುವೆ ಒಂದೂವರೆ ಎಕರೆ ಅಂತಿಟ್ಟುಕೊಂಡರೆ ಹತ್ತಡಿಗೆ ಹೊಸದಾಗಿ ಸಿಗುವ ಜಾಗ ಸುಮಾರು 1.85 ಕೋಟಿ ಲೀಟರ್. ಕೇಳೋಕೆ ದೊಡ್ಡದು. ಆದರೆ 120 ಎಕರೆಯಿಂದ ಹತ್ತು ಇಂಚಿನ ಒಂದು ದಿನಕ್ಕೆ ಹರಿದು ಬರೋದು 9.25 ಕೋಟಿ ಲೀಟರ್. ಅಂದರೆ ಐದರಲ್ಲಿ ಒಂದು ಪಾಲು. ನೀರನ್ನು ಬಿಡದೆ ಹಿಡಿದಿಟ್ಟರೆ ಐದು ಗಂಟೆಯೊಳಗೆ ಹೊಸ ಜಾಗ ತುಂಬಿ ಹೋಗುತ್ತದೆ. ಮಧ್ಯಾಹ್ನ ಮಳೆ ಹಿಡಿದರೆ ದೀಪ ಹಚ್ಚುವ ಹೊತ್ತಿಗೆ ಕೆರೆ ತುಂಬಿರುತ್ತದೆ, ಕತ್ತಲಲ್ಲಿ ಬಂದ ನೀರೆಲ್ಲ ಕೆಳಕ್ಕೆ. ಮಳೆ ಮೂರು ನಾಲ್ಕು ದಿನ ಬಿಡದೆ ಹೊಡೆಯುವ ಊರು ನಮ್ಮದು.

ಇಷ್ಟೂ ಲೆಕ್ಕ ಆ ಹತ್ತಡಿ ಖಾಲಿ ಇದ್ದರೆ ಮಾತ್ರ. ನೀವೇ ಬರೆದಿದ್ದೀರಿ, ಬೇಸಿಗೆಗೂ ಆಗುತ್ತೆ ಅಂತ. ನಾನು ಇದನ್ನು ಒತ್ತಿ ಹೇಳಬೇಕು. ನೆರೆಯನ್ನು ಹಿಡಿಯೋದು ಏರಿ ಅಲ್ಲ, ಏರಿಯ ಹಿಂದಿನ ಖಾಲಿ ಜಾಗ. ಸ್ಪ್ರಿಂಕ್ಲರ್‌ಗೆ ಬೇಕಾದ್ದು ತುಂಬಿದ ಕೆರೆ. ಒಂದೇ ಜಾಗ ಒಂದೇ ತಿಂಗಳಲ್ಲಿ ಖಾಲಿಯೂ ತುಂಬಿಯೂ ಇರೋಕಾಗಲ್ಲ. ದೊಡ್ಡ ಅಣೆಕಟ್ಟುಗಳಿಗೂ ಇದೇ ಇಕ್ಕಟ್ಟು. 8.5 ಟಿಎಂಸಿಯ ಹಾರಂಗಿ ನೀರಾವರಿಗೆ ಕಟ್ಟಿದ ಜಲಾಶಯ. ಮಟ್ಟ 2,859 ಅಡಿ ಮುಟ್ಟಿತು ಅಂದರೆ ರೈತರಿಗೆ ಸಂತೋಷ. ಆದರೆ ಅಲ್ಲಿಂದ ಮುಂದೆ ಒಳಗೆ ಬಂದಷ್ಟೂ ಹೊರಗೆ ಬಿಡಲೇಬೇಕು. ತುಂಬಿದ ಮೇಲೆ ಅದು ನೆರೆಗೆ ಅಡ್ಡ ನಿಲ್ಲೋಕೆ ಸಾಧ್ಯವೇ ಇಲ್ಲ.

ನೆರೆ ತಡೆಯಲೆಂದೇ ಕಟ್ಟಿದ ಮಣ್ಣಿನ ಅಣೆಕಟ್ಟು ಹೇಗಿರುತ್ತೆ ಗೊತ್ತಾ? ಅಮೆರಿಕದ ಓಹಾಯೋದಲ್ಲಿ 1913ರ ಮಾರ್ಚ್‌ನಲ್ಲಿ ಡೇಟನ್ ಪಟ್ಟಣ ಮುಳುಗಿದ ಮೇಲೆ ಅಲ್ಲಿನವರು ಐದು ಮಣ್ಣಿನ ಅಣೆಕಟ್ಟು ಕಟ್ಟಿದರು. 1922ಕ್ಕೆ ಕೆಲಸ ಮುಗಿಯಿತು. ಐದಕ್ಕೂ ಬುಡದಲ್ಲಿ ಸದಾ ತೆರೆದ ಕಿಂಡಿ, ಗೇಟೇ ಇಲ್ಲ. ಮಾಮೂಲಿ ದಿನ ಹೊಳೆ ತನ್ನ ಪಾಡಿಗೆ ಕಿಂಡಿಯಲ್ಲಿ ಹರಿದು ಹೋಗುತ್ತದೆ, ಅಣೆಕಟ್ಟಿನ ಹಿಂದೆ ಜನ ಬೇಸಾಯ ಮಾಡುತ್ತಾರೆ. ಹೊಳೆ ಉಕ್ಕಿದಾಗ ಮಾತ್ರ ಕಿಂಡಿ ಹಿಡಿಸದ ನೀರು ಹಿಂದೆ ನಿಂತು, ನಿಧಾನಕ್ಕೆ ಇಳಿಯುತ್ತದೆ. ಯಾರೂ ಗೇಟ್ ಎತ್ತಬೇಕಿಲ್ಲ, ಯಾರೂ ಮರೆಯುವಂತಿಲ್ಲ. ನೂರು ವರ್ಷದಿಂದ ಅವು ಕೆಲಸ ಮಾಡುತ್ತಿವೆ. ಆದರೆ ಅವು ಕೆರೆಗಳಲ್ಲ. ಬೇಸಿಗೆಗೆ ಒಂದು ಕೊಡ ನೀರನ್ನೂ ಇಟ್ಟುಕೊಳ್ಳೋದಿಲ್ಲ.

ಈಗ ಒಸರಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಎತ್ತರಿಸಿದರೂ ಬಿಟ್ಟರೂ ಇದನ್ನು ನೀವು ಈ ವರ್ಷವೇ ನೋಡಬೇಕು. ಎಲ್ಲ ಮಣ್ಣಿನ ಏರಿಯೂ ಒಸರುತ್ತದೆ. ಒಸರೋದು ರೋಗ ಅಲ್ಲ. ನೀರಿನ ಜೊತೆ ಮಣ್ಣು ಬರುತ್ತಿದೆಯಾ ಅನ್ನೋದೇ ಮುಖ್ಯ. ಮಣ್ಣಿನ ಕಣ ಒಂದೊಂದೇ ಹೊರಟರೆ ಒಳಗೆ ಕೊಳವೆಯ ಹಾಗೆ ದಾರಿಯಾಗುತ್ತದೆ. ದಾರಿ ಅಗಲವಾದಷ್ಟು ನೀರು ಜಾಸ್ತಿ, ನೀರು ಜಾಸ್ತಿಯಾದಷ್ಟು ಮಣ್ಣು ಜಾಸ್ತಿ. ಅಮೆರಿಕದ ಟೀಟನ್ ಎಂಬ ದೊಡ್ಡ ಮಣ್ಣಿನ ಅಣೆಕಟ್ಟಿನಲ್ಲಿ 1976ರ ಜೂನ್ 5ರ ಬೆಳಗ್ಗೆ ಕೆಸರು ನೀರು ಬರೋದು ಕಂಡಿತು. ತೂತಿಗೆ ಮಣ್ಣು ತಳ್ಳಲು ಹೋದ ಎರಡು ಬುಲ್ಡೋಜರ್‌ಗಳು ಆ ತೂತಿಗೇ ಬಿದ್ದವು. ಮಧ್ಯಾಹ್ನದೊಳಗೆ ಅಣೆಕಟ್ಟು ಒಡೆದು ಹೋಯಿತು.

ಒಂದು ಸಲ ಜುಲೈ ತಿಂಗಳಲ್ಲಿ ಸೋಮವಾರಪೇಟೆ ಕಡೆಯ ಒಂದು ತೋಟದ ಕೆರೆಗೆ ನನ್ನನ್ನು ಕರೆಸಿದ್ದರು. ಹೊರಬುಡದಲ್ಲಿ ಜರಿಗಿಡದ ಬೇರಿನ ಪಕ್ಕ ಹೆಬ್ಬೆರಳು ಗಾತ್ರದ ಒಂದು ಊಟೆ. ನೀರು ನೋಡೋಕೆ ತಿಳಿಯಾಗಿತ್ತು. ಆದರೆ ಊಟೆಯ ಬಾಯಿ ಸುತ್ತ ಇರುವೆ ಗೂಡಿನ ಹಾಗೆ ನುಣುಪಾದ, ಗುಲಾಬಿ ಬಣ್ಣದ ಮಣ್ಣಿನ ಒಂದು ಪುಟ್ಟ ಉಂಗುರ ಕಟ್ಟಿತ್ತು. ತೋಟದವರು ಅದನ್ನು ಎರೆಹುಳದ ಕೆಲಸ ಅಂದುಕೊಂಡಿದ್ದರು. ಬೆರಳಲ್ಲಿ ಉಜ್ಜಿದೆ, ಟಾಲ್ಕಂ ಪುಡಿ ಹಾಗಿತ್ತು. ಕೆಂಪು ಮಣ್ಣಿನ ಅಡಿಯಲ್ಲಿ ಸಿಗುವ ಈ ಬಿಳಿ-ಗುಲಾಬಿ ಮಣ್ಣನ್ನು ಕರಾವಳಿ ಕಡೆ ಶೇಡಿ ಮಣ್ಣು ಅಂತಾರೆ. ಒಣಗಿದಾಗ ಗಟ್ಟಿ, ನೆನೆದರೆ ನೀರಿನ ಜೊತೆ ಹೊರಟೇ ಬಿಡುತ್ತದೆ. ಜೆಸಿಬಿ ಆಳಕ್ಕೆ ಅಗೆದು ಏರಿಗೆ ಸುರಿದಾಗ ಒಳಗೆ ಸೇರಿಕೊಂಡಿದ್ದು ಅದೇ. ಆವತ್ತು ಸಂಜೆಯೊಳಗೆ ಕೆಳಗಿನ ನಾಲ್ಕು ಮನೆ ಖಾಲಿ ಮಾಡಿಸಿ, ಊಟೆಯ ಮೇಲೆ ಮರಳು ಹಾಕಿ, ತೂಬು ತೆರೆದು ನೀರು ಬಿಟ್ಟೆವು. ಏರಿ ಉಳಿಯಿತು.

ಆಗ ಅಲ್ಲಿ ಸಿಮೆಂಟ್ ಮೂಟೆಗಳು ಸಿದ್ಧವಾಗಿದ್ದವು, ಊಟೆ ಮುಚ್ಚೋಕೆ! ಇದು ತುಂಬಾ ಅಪಾಯದ ತಪ್ಪು ನಂಬಿಕೆ. ಹೊರಗಿನಿಂದ ಬಾಯಿ ಮುಚ್ಚಿದರೆ ನೀರು ಏರಿಯ ಒಳಗೇ ಒತ್ತಡ ಕಟ್ಟಿ ಬೇರೆ ಕಡೆ ಒಡೆಯುತ್ತದೆ. ನೀರು ಹೋಗಲಿ, ಮಣ್ಣು ಮಾತ್ರ ನಿಲ್ಲಲಿ. ಒಸರಿನ ಮೇಲೆ ಮೊದಲು ಒಂದಡಿ ದಪ್ಪಕ್ಕೆ ತೊಳೆದ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ಸೈಜ್ ಕಲ್ಲು. ಅಕ್ಕಿ ಬಸಿದ ಹಾಗೆ, ಗಂಜಿ ಹೋಗಬೇಕು, ಅನ್ನ ಉಳಿಯಬೇಕು.

ಮನೆಯಲ್ಲೇ ಮಾಡುವ ಪರೀಕ್ಷೆ ಒಂದಿದೆ. ಮಳೆ ಬಿಟ್ಟ ದಿನ ಒಸರಿನ ನೀರನ್ನು ಒಂದು ಲೀಟರ್ ಬಾಟಲಿಗೆ ಹಿಡಿದು ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಗ್ಗೆ ತಳದಲ್ಲಿ ಮಣ್ಣು ಕೂತಿದ್ದರೆ ನನಗೆ ಮಾತ್ರವಲ್ಲ, ಹತ್ತಿರದ ಸಣ್ಣ ನೀರಾವರಿ ಎಂಜಿನಿಯರ್‌ಗೂ ಅವತ್ತೇ ಹೇಳಿ. ತಿಳಿಯಿದ್ದರೂ ಬಕೆಟ್ ಇಟ್ಟು ಎಷ್ಟು ನಿಮಿಷಕ್ಕೆ ತುಂಬುತ್ತೆ ಅಂತ ಮಳೆ ಡೈರಿಯಲ್ಲೇ ಬರೆಯಿರಿ. ಕೆರೆಯ ಮಟ್ಟ ಅಷ್ಟೇ ಇದ್ದು ಬಕೆಟ್ ಬೇಗ ತುಂಬತೊಡಗಿದರೆ ಅದೇ ಎಚ್ಚರಿಕೆ.

ಏಡಿಗಳ ಬಗ್ಗೆ ಎರಡೇ ಮಾತು. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದಾಗ ಅಲ್ಲಿನ ಸಚಿವರೊಬ್ಬರು ಏಡಿಗಳೇ ಕಾರಣ ಎಂದಿದ್ದರು. ಸೋರಿಕೆ ಬಗ್ಗೆ ಊರವರು ಮೊದಲೇ ದೂರು ಕೊಟ್ಟಿದ್ದರು. ಏಡಿ ತೂತು ಸಾಮಾನ್ಯವಾಗಿ ನೀರಿನ ಅಂಚಿನಲ್ಲಿ, ಹೆಚ್ಚು ಆಳ ಇಲ್ಲದೆ ಇರುತ್ತದೆ. ಬೇಸಿಗೆಯಲ್ಲಿ ಅಗೆದು ಜೇಡಿಮಣ್ಣು ತುಂಬಿ ಗುದ್ದಿದರೆ ಸಾಕು. ಮುಳ್ಳುಹಂದಿ, ಹೆಗ್ಗಣದ ಬಿಲ ಅದಕ್ಕಿಂತ ಕೆಟ್ಟದ್ದು. ಸಿಲ್ವರ್ ಮರ ಇನ್ನೂ ಕೆಟ್ಟದ್ದು. ಗಾಳಿಗೆ ಮರ ಓಲಾಡಿ ಬುಡ ಸಡಿಲವಾಗುತ್ತದೆ, ಬಿದ್ದರೆ ಬೇರಿನ ಜೊತೆ ಏರಿಯ ಒಂದು ತುಂಡೇ ಕಿತ್ತು ಬರುತ್ತದೆ. ಆದರೆ ಸುಮ್ನೆ ಕಡಿದು ಬುಡ ಬಿಟ್ಟರೂ ಆಗಲ್ಲ. ಬೇರು ಕೊಳೆತು ನಾಲ್ಕೈದು ವರ್ಷದಲ್ಲಿ ಒಳಗೆ ಟೊಳ್ಳು ಬೀಳುತ್ತದೆ. ಏಪ್ರಿಲ್‌ನಲ್ಲಿ ಕೆರೆ ಇಳಿದಿರುವಾಗ ಬುಡ ಸಮೇತ ತೆಗೆದು, ಗುಂಡಿಯನ್ನು ಪದರ ಪದರವಾಗಿ ಗುದ್ದಿ ಮುಚ್ಚಬೇಕು. ಏರಿಗೆ ಹುಲ್ಲೇ ಚೆಂದ. ಗರಿಕೆ ಇರಲಿ, ಲಾವಂಚವೂ ಆಗುತ್ತದೆ.

ಹಾಗಾದರೆ ಮಾಡೋದೇನು? ನಿಮ್ಮ ಜಾಗದಲ್ಲಿ ನಾನಿದ್ದರೆ ಏರಿ ಎತ್ತರಿಸುವ ದುಡ್ಡನ್ನು ಕೋಡಿಗೆ ಹಾಕುತ್ತಿದ್ದೆ. ಪೈಪುಗಳನ್ನು ನಂಬದೆ, ಏರಿಯ ಒಂದು ತುದಿಯಲ್ಲಿ, ತುಂಬಿಸಿದ ಮಣ್ಣಿನಲ್ಲಲ್ಲ, ಹಳೆಯ ಗಟ್ಟಿ ನೆಲದಲ್ಲಿ, 45 ಅಡಿ ಅಗಲದ ತೆರೆದ ಕೋಡಿ ಕಡಿಯಬೇಕು. ಅದರ ಮೇಲೆ ಒಂದೂವರೆ ಅಡಿ ನೀರು ಹರಿದರೆ 200 ಕ್ಯೂಸೆಕ್ ದಾಟಿ ಹೋಗುತ್ತದೆ. ಆಗಲೂ ಏರಿಯ ತಲೆ ನೀರಿಗಿಂತ ಮೂರಡಿ ಮೇಲಿರಬೇಕು. ಹಾಗಾಗಿ ಕೋಡಿಯ ಮಟ್ಟ ಏರಿಯ ತಲೆಯಿಂದ ನಾಲ್ಕೂವರೆ ಅಡಿ ಕೆಳಗೆ. ಜಾಗ ಸಾಲದಿದ್ದರೆ ಚಿಕ್ಲಿಹೊಳೆಗೆ ಹೋಗಿ ನೋಡಿ. ಅಲ್ಲಿನ ಕೋಡಿ ಅರ್ಧಚಂದ್ರದ ಹಾಗೆ ಬಾಗಿದೆ. ಎಲ್ಲರೂ ಫೋಟೊ ತೆಗೆಯೋಕೆ ಹೋಗ್ತಾರೆ, ಆದರೆ ಆ ಬಾಗಿಗೆ ಅರ್ಥ ಇದೆ. ಕಡಿಮೆ ಜಾಗದಲ್ಲಿ ಅಂಚು ಉದ್ದವಾಗುತ್ತದೆ, ಉದ್ದವಾದಷ್ಟು ಜಾಸ್ತಿ ನೀರು ಇಳಿಯುತ್ತದೆ. ಇನ್ನೊಂದು, ಮೀನು ಹೋಗಬಾರದು ಅಂತ ಕೋಡಿಗೆ ಬಲೆ ಕಟ್ಟೋದು, ನೀರು ಜಾಸ್ತಿ ನಿಲ್ಲಲಿ ಅಂತ ಹಲಗೆ ಇಡೋದು ನಮ್ಮ ತೋಟಗಳಲ್ಲಿ ರೂಢಿ. ಮೇ ಕೊನೆಗೆ ಎರಡನ್ನೂ ತೆಗೆಯಿರಿ.

ಕೋಡಿ ತಗ್ಗಿಸಿದರೆ ಸ್ವಲ್ಪ ನೀರು ಕಳೆದುಕೊಳ್ಳುತ್ತೀರಿ, ನಿಜ. ಅದಕ್ಕೆ ಕೆರೆಯ ಒಳಗಿನ ಹೂಳು ತೆಗೆಸಿ. ಕೆಳಗಿನ ಆಳ ಹೆಚ್ಚಾದರೆ ಏರಿಗೆ ಹೊರೆ ಬೀಳದೆ ನೀರು ಸಿಗುತ್ತದೆ. ಏರಿಯ ಬುಡಕ್ಕೆ ಹತ್ತಿರ ಮಾತ್ರ ಅಗೆಯಬೇಡಿ, ಇಪ್ಪತ್ತಡಿ ಬಿಡಿ.

ಕೆರೆಯಿಂದ ನೆರೆಗೆ ಸ್ವಲ್ಪವಾದರೂ ಉಪಯೋಗ ಆಗಬೇಕು ಅಂದರೆ ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ತೂಬು ತೆರೆದಿಟ್ಟು ಕೆರೆಯನ್ನು ಅರ್ಧಕ್ಕೇ ಇರಿಸಿ, ಆಮೇಲೆ ಮುಚ್ಚಿ. ಹಿಂಗಾರು ಕೈಕೊಟ್ಟರೆ ಫೆಬ್ರವರಿಯಲ್ಲಿ ಹೂವಿಗೆ ನೀರು ಕಡಿಮೆ ಬೀಳಬಹುದು. ಈ ನಷ್ಟವನ್ನು ಮೂರು ಮನೆಯವರೂ ಮೊದಲೇ ಒಪ್ಪಿಕೊಂಡಿರಬೇಕು, ಇಲ್ಲದಿದ್ದರೆ ಜುಲೈನಲ್ಲೇ ಯಾರೋ ಒಬ್ಬರು ತೂಬು ಮುಚ್ಚುತ್ತಾರೆ. ತುಂಬಿದ ಕೆರೆಯನ್ನು ಹೆದರಿ ಒಮ್ಮೆಲೇ ಖಾಲಿ ಮಾಡಬೇಡಿ. ನೆನೆದ ಒಳಮೈ ಜಾರಿ ಬೀಳುತ್ತದೆ. ಏರಿಗೆ ತಕ್ಷಣದ ಅಪಾಯ ಇಲ್ಲದಿದ್ದಾಗ ದಿನಕ್ಕೆ ಒಂದಡಿ ಇಳಿಸಿದರೆ ಸಾಕು.

ನೆರೆ ತಡೆಯೋಕೆ ನನಗೆ ನಿಜವಾಗಿ ನಂಬಿಕೆ ಇರೋದು ಕೆಳಗಿನ ಗದ್ದೆಗಳ ಮೇಲೆ. ಗದ್ದೆಯಲ್ಲಿ ಮೂರು ಇಂಚು ನೀರು ಹೇಗೂ ಇರುತ್ತದೆ. ಬದು ಒಂದಡಿ ಇದ್ದರೆ ಇನ್ನೂ ಒಂಬತ್ತು ಇಂಚಿಗೆ ಜಾಗ. ಇಪ್ಪತ್ತು ಎಕರೆ ಗದ್ದೆಗೆ ಲೆಕ್ಕ ಹಾಕಿ, ಅದೇ 1.85 ಕೋಟಿ ಲೀಟರ್ ಬರುತ್ತದೆ. ನಿಮ್ಮ ಹತ್ತಡಿ ಏರಿ ಕೊಡುವಷ್ಟೇ! ಒಂದು ಬದು ಒಡೆದರೆ ಯಾರೂ ಸಾಯಲ್ಲ. ನಮ್ಮ ಹಿರಿಯರು ಹೊಳೆಬದಿಯಲ್ಲಿ ಗದ್ದೆ ಇಟ್ಟು, ಕುಟುಂಬದ ಮೂಲಮನೆಯಾದ ಐನ್‌ಮನೆಯನ್ನು ಎತ್ತರದಲ್ಲಿ ಕಟ್ಟಿದ್ದು ನೋಡಿ. ಈಗ ಗದ್ದೆ ಪಾಳು ಬಿದ್ದಿದೆ, ಅಥವಾ ಮಣ್ಣು ತುಂಬಿ ಸೈಟಾಗಿದೆ. ಅಲ್ಲಿ ನಿಲ್ಲುತ್ತಿದ್ದ ನೀರು ಈಗ ಲೈನ್‌ಮನೆಗೆ ಹೋಗುತ್ತಿದೆ.

ಆದರೂ ಎತ್ತರಿಸಲೇಬೇಕು ಅಂದರೆ, ಹದಿನೈದು ದಿನದ ಕೆಲಸ ಅಂತೂ ಅಲ್ಲ. ಏರಿಯ ಎರಡೂ ಮೈ ಒಂದಡಿ ಎತ್ತರಕ್ಕೆ ಎರಡೂವರೆ ಅಡಿ ಇಳಿಜಾರು ಬೇಕು. ಹಾಗಾಗಿ ತಲೆಯಲ್ಲಿ ಹತ್ತಡಿ ಏರಿಸಿದರೆ ಬುಡ ಐವತ್ತು ಅಡಿ ಅಗಲವಾಗಬೇಕು. ಹಳೆ ಏರಿಯ ಮೇಲೆ ಟೊಪ್ಪಿ ಇಟ್ಟ ಹಾಗೆ ಮಣ್ಣು ಸುರಿಯುವಂತಿಲ್ಲ. ಹೊರಮೈಯಲ್ಲಿ ಮೆಟ್ಟಿಲು ಕಡಿದು, ಎಂಟು ಇಂಚಿನ ಪದರಗಳಲ್ಲಿ, ಹದವಾದ ತೇವದಲ್ಲಿ, ರೋಲರ್ ಹಾಯಿಸಿ ಕಟ್ಟಬೇಕು. ಹದ ಅಂದರೆ ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಅಂಗೈಗೆ ಕೆಸರು ಅಂಟಬಾರದು. ಜೆಸಿಬಿಯ ಬಕೆಟ್‌ನಿಂದ ತಟ್ಟೋದು ಗಟ್ಟಿ ಮಾಡೋದಲ್ಲ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ ಕೆಲಸ. ಹೊಸ ಏರಿಗೂ ಕೋಡಿ ಮೇಲೆ ಹೇಳಿದಷ್ಟೇ ಅಗಲ ಇರಬೇಕು.

ಕಾನೂನಿನ ಬಗ್ಗೆ ಚಿಕ್ಕದಾಗಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ, ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರಿನವಕ್ಕೆ ಅನ್ವಯಿಸುತ್ತದೆ. ನಿಮ್ಮದು ಎತ್ತರಿಸಿದರೂ ಎಂಟು ಮೀಟರ್ ಮುಟ್ಟಲ್ಲ. ಅಂದರೆ ಆ ಕಾಯ್ದೆ ಹೇಳುವ ತಪಾಸಣೆ ನಿಮ್ಮ ಕೆರೆಗೆ ಬರೋದಿಲ್ಲ, ನೋಡಬೇಕಾದವರು ನೀವೇ. ತೋಡಿಗೆ ಅಡ್ಡ ಕಟ್ಟುವ ಮುಂಚೆ ಸಣ್ಣ ನೀರಾವರಿ ಇಲಾಖೆಯನ್ನು ಕೇಳಿ.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ, ನಾನೇ ಎತ್ತುತ್ತೇನೆ. 2018ರಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದಲ್ಲಿ ಇಳಿದು ಬಂದದ್ದು ಬರೀ ನೀರಲ್ಲ, ಗುಡ್ಡವೇ. ಅಂಥದ್ದು ತುಂಬಿದ ಕೆರೆಗೆ ಬಿದ್ದರೆ ಅಲೆ ಏರಿಯನ್ನು ಹಾರಿ ಹೋಗುತ್ತದೆ, ಎಷ್ಟೇ ಎತ್ತರಿಸಿ. ಕೆರೆಯ ಮೇಲಿನ ಗುಡ್ಡದಲ್ಲಿ ಬಿರುಕು ಇದೆಯಾ, ದಾರಿಗೆಂದು ಬುಡ ಕಡಿದಿದ್ದೀರಾ, ಮರಗಳು ವಾಲಿವೆಯಾ ಅಂತ ಮಳೆಗೆ ಮುಂಚೆ ಒಮ್ಮೆ ನಡೆದು ನೋಡಿ.

ಲೈನ್‌ಮನೆಗಳ ವಿಷಯದಲ್ಲಿ ನನ್ನದು ಸಲಹೆಯಲ್ಲ, ಕೇಳಿಕೊಳ್ಳುವುದು. ಏರಿ ಒಡೆದರೆ ನಿಮ್ಮ ಮನೆಗೆ ಏನೂ ಆಗಲ್ಲ, ಅವರಿಗೇ ಆಗೋದು. ಇಡೀ ಮಳೆಗಾಲದ ನೀರು ಕೆಲವೇ ನಿಮಿಷದಲ್ಲಿ ಅವರ ಬಾಗಿಲಿಗೆ ಬರುತ್ತದೆ, ಬಹುಶಃ ನಿದ್ದೆಯಲ್ಲಿರುವಾಗ. ಆ ನಾಲ್ಕಾರು ಮನೆಗಳನ್ನು ತೋಡಿನಿಂದ ಮೇಲಕ್ಕೆ, ಗುಡ್ಡ ಕಡಿಯದ ಜಾಗಕ್ಕೆ ಸ್ಥಳಾಂತರಿಸಿದರೆ ನಿಮ್ಮ ನೆರೆಯ ಸಮಸ್ಯೆ ಅರ್ಧ ಮುಗಿಯಿತು. ಅದು ಈ ವರ್ಷ ಆಗದಿದ್ದರೆ, ಹತ್ತು ಇಂಚಿನ ದಿನ ಏರಿ ಕಾಯಲು ಒಬ್ಬರನ್ನು ನೇಮಿಸಿ. ನೆಟ್‌ವರ್ಕ್ ಇರಲ್ಲ, ಹಾಗಾಗಿ ಒಂದು ಗಂಟೆಯೋ ಸೀಟಿಯೋ ಇರಲಿ. ಕೂಗು ಕೇಳಿದರೆ ಯಾವ ಕಡೆ ಹತ್ತಬೇಕು ಅಂತ ಮಕ್ಕಳಿಗೂ ತೋರಿಸಿಡಿ.

ಕಕ್ಕಡದಲ್ಲಿ ಒಸರು ಶುರುವಾದ ಕೂಡಲೇ ಬಾಟಲಿ ತುಂಬಿಸಿ, ಮಾರನೇ ಬೆಳಗ್ಗೆ ತಳದ ಫೋಟೊ ತೆಗೆದು ನನಗೆ ಕಳಿಸಿ. ಊಟೆಯ ಬಾಯಿಯ ಫೋಟೊವೂ ಬೇಕು, ಹತ್ತಿರದಿಂದ ತೆಗೆದದ್ದು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು.